ಕೊಡಗಿನ ಥಂಡಿಯಲ್ಲೂ ಗರಿಗರಿಯಾಗಿ ಉಳಿಯುವ ಕಡ್ಲೆ ಮಿಠಾಯಿ: ಬೀಜ ಆರಿಸುವುದರಿಂದ ಡಬ್ಬಿ ಮುಚ್ಚುವವರೆಗೆ ಸಮಗ್ರ ಮಾರ್ಗದರ್ಶಿ

ಹಬ್ಬಕ್ಕೆಂದು ಮನೆಯಲ್ಲೇ ಕಡ್ಲೆ ಮಿಠಾಯಿ ಮಾಡಿದವರ ದೂರು ಸಾಮಾನ್ಯವಾಗಿ ಮೂರೇ ಇರುತ್ತವೆ. ಹಲ್ಲಿಗೆ ಅಂಟುತ್ತದೆ, ಮರುದಿನಕ್ಕೆ ಮೆತ್ತಗಾಗುತ್ತದೆ, ಇಲ್ಲವೇ ಕಹಿಯಾಗುತ್ತದೆ. ಬಯಲುಸೀಮೆಯಲ್ಲಿ ಚೆನ್ನಾಗಿ ಬರುವ ಅಳತೆಯನ್ನೇ ಹಿಡಿದು ಮಾಡಿದರೂ ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಕಡೆಯ ಅಡುಗೆಮನೆಗಳಲ್ಲಿ ಅದು ಕೈಕೊಡುತ್ತದೆ. ಅಳತೆ ತಪ್ಪಿರುವುದು ಅಪರೂಪ. ಬೀಜದಲ್ಲಿ ಉಳಿದ ತೇವ, ಪಾಕದಲ್ಲಿ ಉಳಿದ ನೀರು, ಗಾಳಿಯ ಥಂಡಿ, ಈ ಮೂರರಲ್ಲಿ ಯಾವುದೋ ಒಂದು ಒಳಗೆ ಸೇರಿಕೊಂಡಿರುತ್ತದೆ. ಹೆಚ್ಚಿನ ಸಲ ಅದು ಪಾಕದ್ದೇ ತಪ್ಪು: ಒಲೆಯಿಂದ ಒಂದೆರಡು ನಿಮಿಷ ಬೇಗ ಇಳಿಸಿರುತ್ತಾರೆ. ಹಾಗಾಗಿ ಇಲ್ಲಿ ಪಾಕದ ಹಂತವನ್ನು ಉಳಿದವಕ್ಕಿಂತ ವಿವರವಾಗಿ ಹೇಳಿದೆ. ಮಾಡಲು ನಿಲ್ಲುವ ಮೊದಲು ಒಮ್ಮೆ ಪೂರ್ತಿ ಓದಿಕೊಳ್ಳಿ, ಏಕೆಂದರೆ ಪಾಕ ಹದಕ್ಕೆ ಬಂದ ಮೇಲೆ ಓದಲು ಸಮಯ ಸಿಗುವುದಿಲ್ಲ.

ಬೇಕಾದ ಸಾಮಗ್ರಿ

ಈ ಅಳತೆಗೆ ಸುಮಾರು 450 ಗ್ರಾಂ ಮಿಠಾಯಿ ಬರುತ್ತದೆ.

ಹಸಿ ಕಡ್ಲೆಬೀಜ 280 ಗ್ರಾಂ (ಹುರಿದು ಸಿಪ್ಪೆ ತೆಗೆದರೆ ಹತ್ತಿರ ಹತ್ತಿರ 250 ಗ್ರಾಂ ಉಳಿಯುತ್ತದೆ)
ಪುಡಿ ಮಾಡಿದ ಬೆಲ್ಲ 200 ಗ್ರಾಂ
ನೀರು 3 ದೊಡ್ಡ ಚಮಚ
ತುಪ್ಪ 1 ಟೀ ಚಮಚ, ಸವರಲು ಇನ್ನೊಂದಿಷ್ಟು
ಅಡುಗೆ ಸೋಡಾ ಒಂದು ಚಿಟಿಕೆ, ಹೆಚ್ಚೆಂದರೆ ಟೀ ಚಮಚದ ಎಂಟನೇ ಒಂದು ಭಾಗ
ಉಪ್ಪು ಒಂದು ಚಿಟಿಕೆ
ಏಲಕ್ಕಿ 3, ಪುಡಿ ಮಾಡಿ (ಬೇಕಿದ್ದರೆ)

ತೂಕದ ಯಂತ್ರ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ 200 ಮಿಲಿ ಲೋಟದಲ್ಲಿ ಎರಡು ಲೋಟ ಹುರಿದ ಬೀಜಕ್ಕೆ ಒಂದೂಕಾಲು ಲೋಟ ಬೆಲ್ಲದ ಪುಡಿ. ಬೆಲ್ಲವನ್ನು ಲೋಟಕ್ಕೆ ಒತ್ತಿ ತುಂಬಬೇಡಿ. ಒತ್ತಿದರೆ ತೂಕ ಏರಿ, ಬೀಜಕ್ಕಿಂತ ಪಾಕವೇ ಹೆಚ್ಚಾಗಿ ಕಲ್ಲಿನಂತೆ ಗಟ್ಟಿಯಾದ ಮಿಠಾಯಿ ಬರುತ್ತದೆ.

ಹೆಚ್ಚು ಬೇಕೆಂದು ಒಂದೇ ಸಲಕ್ಕೆ ಅಳತೆಯನ್ನು ಮೂರು ನಾಲ್ಕು ಪಟ್ಟು ಮಾಡಬೇಡಿ. ಅಷ್ಟನ್ನೂ ಲಟ್ಟಿಸಿ ಮುಗಿಸುವ ಮೊದಲೇ ಅರ್ಧ ಗಟ್ಟಿಯಾಗಿರುತ್ತದೆ. ಒಬ್ಬರೇ ಮಾಡುವುದಾದರೆ ಇದೇ ಅಳತೆಯನ್ನು ಎರಡು ಮೂರು ಸರದಿಯಲ್ಲಿ ಮಾಡಿ. ಲಟ್ಟಿಸಲು ಇನ್ನೊಬ್ಬರಿದ್ದರೆ ಎರಡು ಪಟ್ಟಿನವರೆಗೆ ಹೋಗಬಹುದು.

ಬೇಕಾದ ಪಾತ್ರೆ, ಉಪಕರಣ

ದಪ್ಪ ತಳದ ಬಾಣಲೆ ಮುಖ್ಯ. ತೆಳು ಸ್ಟೀಲ್ ಪಾತ್ರೆಯಲ್ಲಿ ನಡುಭಾಗ ಸೀದು ಹೋಗುವ ಹೊತ್ತಿಗೂ ಅಂಚಿನಲ್ಲಿ ಪಾಕ ಹದಕ್ಕೆ ಬಂದಿರುವುದಿಲ್ಲ. ಒಳಗೆ ಕಪ್ಪಾಗಿರುವ ಕಬ್ಬಿಣದ ಬಾಣಲೆಯಲ್ಲಿ ಪಾಕದ ಬಣ್ಣ ತಿಳಿಯುವುದಿಲ್ಲವಾದ್ದರಿಂದ, ಕಬ್ಬಿಣದ್ದನ್ನು ಬೀಜ ಹುರಿಯಲು ಇಟ್ಟುಕೊಂಡು ಪಾಕಕ್ಕೆ ದಪ್ಪ ಸ್ಟೀಲ್ ಅಥವಾ ಅಲ್ಯೂಮಿನಿಯಂ ಬಾಣಲೆ ಬಳಸಿ.

ಇದರ ಜೊತೆಗೆ ಉದ್ದ ಹಿಡಿಯ ಮರದ ಸೌಟು, ಲಟ್ಟಣಿಗೆ, ಬೆಲ್ಲ ಸೋಸಲು ಸ್ಟೀಲ್ ಜಾಲರಿ, ಬೆಣ್ಣೆ ಕಾಗದ ಎರಡು ಹಾಳೆ, ದೊಡ್ಡ ಚಾಕು ಅಥವಾ ಪಿಜ್ಜಾ ಕಟರ್, ಪಾಕ ಪರೀಕ್ಷಿಸಲು ಒಂದು ಬಟ್ಟಲು ನೀರು, ಸುಟ್ಟರೆ ಕೈ ಅದ್ದಲು ಇನ್ನೊಂದು ಅಗಲ ಪಾತ್ರೆಯಲ್ಲಿ ತಣ್ಣೀರು. ಹರಡಲು ಗ್ರಾನೈಟ್ ಕಟ್ಟೆ ಅಥವಾ ದೊಡ್ಡ ಸ್ಟೀಲ್ ತಟ್ಟೆಯ ಹಿಂಭಾಗ. ತಟ್ಟೆಯ ಒಳಭಾಗದಲ್ಲಿ ಹರಡಿದರೆ ಅಂಚು ಅಡ್ಡ ಬಂದು ಲಟ್ಟಣಿಗೆ ಓಡುವುದಿಲ್ಲ.

1. ದಿನ ಮತ್ತು ಹೊತ್ತು ಗೊತ್ತು ಮಾಡಿ

ಬೆಲ್ಲ, ಸಕ್ಕರೆ ಎರಡೂ ಗಾಳಿಯ ತೇವವನ್ನು ಎಳೆದುಕೊಳ್ಳುತ್ತವೆ. ಪಾಕ ಎಷ್ಟೇ ಹದವಾಗಿದ್ದರೂ ಜಡಿಮಳೆಯ ದಿನ ಮಾಡಿದ ಮಿಠಾಯಿ ತಣ್ಣಗಾಗುವ ಹೊತ್ತಿಗೇ ಮೇಲೆ ಅಂಟಂಟಾಗಿರುತ್ತದೆ. ಕಣದಲ್ಲಿ ಕಾಫಿ ಹರಡಲು ಧೈರ್ಯ ಬರುವಂಥ ದಿನ ಮಿಠಾಯಿಗೂ ಒಳ್ಳೆಯ ದಿನ. ನವೆಂಬರ್ ಕೊನೆಯಿಂದ ಸಂಕ್ರಾಂತಿಯವರೆಗೆ, ಅಂದರೆ ಪುತ್ತರಿ, ಕ್ರಿಸ್‌ಮಸ್, ಎಳ್ಳು ಬೆಲ್ಲ ಎಲ್ಲಕ್ಕೂ ಹವೆ ಅನುಕೂಲವಾಗಿಯೇ ಇರುತ್ತದೆ. ಆದರೆ ಬೆಳಗಿನ ಮಂಜು ಕರಗುವವರೆಗೆ ಕಾಯಿರಿ. ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರ ನಡುವೆ ಗಾಳಿ ಹೆಚ್ಚು ಒಣಗಿರುತ್ತದೆ.

ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಮಳೆ ಇನ್ನೂ ಬಿಟ್ಟಿರುವುದಿಲ್ಲ. ಆಗ ಮಾಡಲೇಬೇಕೆಂದಿದ್ದರೆ ಎರಡು ದಿನಕ್ಕೆ ಸಾಕಾಗುವಷ್ಟು ಮಾತ್ರ ಮಾಡಿ, ಡಬ್ಬಿಯ ವಿಷಯದಲ್ಲಿ 8ನೇ ಹಂತವನ್ನು ಚಾಚೂ ತಪ್ಪದೆ ಪಾಲಿಸಿ.

ಹಬ್ಬದ ದಿನವೇ ಮಾಡುವುದು ಇನ್ನೊಂದು ತಪ್ಪು. ಒಂದು ಒಲೆಯಲ್ಲಿ ಕಡಂಬುಟ್ಟು ಬೇಯುತ್ತಿದ್ದರೆ, ಪಕ್ಕದಲ್ಲಿ ಕುಕ್ಕರ್ ಕೂಗುತ್ತಿದ್ದರೆ, ಆ ಅಡುಗೆಮನೆಯ ಹವೆ ಮಳೆಗಾಲದ ಹವೆಗಿಂತ ಕಡೆ. ಹಬ್ಬಕ್ಕೆ ಒಂದೆರಡು ದಿನ ಮುಂಚೆ, ಬೇರೆ ಯಾವ ಪಾತ್ರೆಯಿಂದಲೂ ಹಬೆ ಏಳದ ಹೊತ್ತಿನಲ್ಲಿ ಮಾಡಿ.

2. ಬೀಜ ಆರಿಸಿ

ಬೀಜವನ್ನು ಮೊರದಲ್ಲಿ ಹರಡಿ, ಬೆಳಕಿನಲ್ಲಿ ಒಂದೊಂದೇ ಹಿಡಿ ನೋಡಿ. ಸುಕ್ಕಾದವು, ಕಪ್ಪಾದವು, ತೂತು ಬಿದ್ದವು, ಹಸಿರು ಅಥವಾ ಹಳದಿ ಬೂಷ್ಟು ಹಿಡಿದವು, ಮುಗ್ಗಲು ವಾಸನೆ ಬರುವವು ಎಲ್ಲವನ್ನೂ ಎಸೆಯಿರಿ. ಬೂಷ್ಟು ಹಿಡಿದ ಕಡ್ಲೆಬೀಜದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಅದು ಯಕೃತ್ತಿಗೆ ಹಾನಿಕರ, ಮತ್ತು ಮನೆಯಲ್ಲಿ ಹುರಿಯುವ ಶಾಖಕ್ಕೆ ಪೂರ್ತಿ ನಾಶವಾಗುವುದಿಲ್ಲ. ಹುರಿದರೆ ಸರಿಹೋಗುತ್ತದೆ ಎಂಬ ಮಾತನ್ನು ನಂಬಬೇಡಿ. ಮಳೆಗಾಲವಿಡೀ ಮನೆಯಲ್ಲೇ ಉಳಿದ ಚೀಲದ ಬೀಜಕ್ಕಿಂತ ಹೊಸದಾಗಿ ತಂದದ್ದು ಯಾವಾಗಲೂ ಮೇಲು.

ಕೊನೆಗೆ ಎರಡು ಬೀಜ ಬಾಯಿಗೆ ಹಾಕಿ ಅಗಿಯಿರಿ. ಕಮಟು ರುಚಿ ಬಂದರೆ ಎಣ್ಣೆ ಕೆಟ್ಟಿದೆ ಎಂದರ್ಥ. ಬೆಲ್ಲ ಅದನ್ನು ಮುಚ್ಚುವುದಿಲ್ಲ.

3. ಹುರಿದು, ಸಿಪ್ಪೆ ತೆಗೆದು, ಮತ್ತೆ ಬಿಸಿ ಮಾಡಿ

ಬಾಣಲೆಯನ್ನು ಸಣ್ಣ ಉರಿಯಲ್ಲಿ ಕಾಯಿಸಿ, ಎಣ್ಣೆ ಹಾಕದೆ ಬೀಜ ಸುರಿಯಿರಿ. 12ರಿಂದ 15 ನಿಮಿಷ, ಬಿಡದೆ ಕೈಯಾಡಿಸುತ್ತಾ ಹುರಿಯಿರಿ. ಉರಿ ಜೋರು ಮಾಡಿದರೆ ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬೀಳುತ್ತದೆ, ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಈ ಒಳಗಿನ ಹಸಿತನವೇ ಎರಡನೇ ದಿನ ಮಿಠಾಯಿಯನ್ನು ಮೆತ್ತಗೆ ಮಾಡುವುದು. ಸೌದೆ ಒಲೆಯಾದರೆ ಉರಿಯುವ ಕೊಳ್ಳಿಗಳನ್ನು ಹೊರಗೆಳೆದು ಕೆಂಡದ ಶಾಖದಲ್ಲೇ ಹುರಿಯಿರಿ.

ಮೊದಲು ಚಟಪಟ ಸದ್ದು ಶುರುವಾಗುತ್ತದೆ, ಆಮೇಲೆ ಅದು ಕಡಿಮೆಯಾಗುತ್ತದೆ. ಸಿಪ್ಪೆ ಅಲ್ಲಲ್ಲಿ ಬಿರಿದು ಬೆರಳಲ್ಲಿ ಉಜ್ಜಿದರೆ ಸುಲಭವಾಗಿ ಬಿಡುತ್ತದೆ. ಒಂದು ಬೀಜ ಸೀಳಿ ನೋಡಿ: ಒಳಭಾಗ ಹಸಿ ಬಿಳುಪು ಹೋಗಿ ನಸುಗಂದು ಬಣ್ಣಕ್ಕೆ ತಿರುಗಿರಬೇಕು. ಬಿಸಿ ಬೀಜ ಎಷ್ಟೇ ಹುರಿದಿದ್ದರೂ ಮೆತ್ತಗೇ ಇರುತ್ತದೆ. ಹಾಗಾಗಿ ಎರಡು ಬೀಜ ತೆಗೆದು ಆರಿಸಿ, ಆಮೇಲೆ ಕಚ್ಚಿ ನೋಡಿ. ಕಟುಂ ಎಂದರೆ ಸಾಕು. ಹದ ಬಂದ ಕೂಡಲೇ ಅಗಲ ತಟ್ಟೆಗೆ ಸುರಿಯಿರಿ. ಬಾಣಲೆಯಲ್ಲೇ ಬಿಟ್ಟರೆ ತಳದ ಕಾವಿಗೆ ಇನ್ನೂ ಹುರಿದು ಕಹಿಯಾಗುತ್ತದೆ.

ಆರಿದ ಬೀಜವನ್ನು ಒರಟು ಬಟ್ಟೆಯಲ್ಲಿ ಗಂಟು ಕಟ್ಟಿ ಉಜ್ಜಿ, ಮೊರದಲ್ಲಿ ಹಾಕಿ ಹೊರಗೆ ಕೇರಿ. ಸಿಪ್ಪೆ ಅಲ್ಪಸ್ವಲ್ಪ ಉಳಿದರೆ ತೊಂದರೆಯಿಲ್ಲ. ಬೀಜ ಎರಡು ಬೇಳೆಯಾಗಿ ಒಡೆದಿರಲಿ. ಇಡೀ ಬೀಜವಿದ್ದರೆ ತೆಳ್ಳಗೆ ಲಟ್ಟಿಸಲಾಗುವುದಿಲ್ಲ. ತೀರಾ ಪುಡಿಯಾದದ್ದನ್ನು ಜರಡಿ ಹಿಡಿದು ತೆಗೆದು ಚಟ್ನಿಪುಡಿಗೆ ಇಟ್ಟುಕೊಳ್ಳಿ. ಆ ಪುಡಿ ಪಾಕವನ್ನು ಹೀರಿಕೊಂಡು ಮಿಠಾಯಿಯನ್ನು ಮಂಕಾಗಿಸುತ್ತದೆ, ಕಾಳುಗಳನ್ನು ಹಿಡಿದುಕೊಳ್ಳಲು ಪಾಕ ಸಾಲದಂತೆ ಮಾಡುತ್ತದೆ.

ಇನ್ನೊಂದು ಮಾತು, ಇದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಹಿಂದಿನ ದಿನ ಹುರಿದಿಟ್ಟ ಬೀಜ ರಾತ್ರಿಯ ಥಂಡಿಗೆ ಮತ್ತೆ ತೇವ ಹೀರಿರುತ್ತದೆ. ಪಾಕಕ್ಕೆ ಇಡುವ ಮುನ್ನ ಅದನ್ನು ಸಣ್ಣ ಉರಿಯಲ್ಲಿ 3–4 ನಿಮಿಷ ಬೆಚ್ಚಗೆ ಮಾಡಿ, ಮುಚ್ಚಿಡಿ. ಇವತ್ತೇ ಹುರಿದದ್ದಾದರೂ ಪಾಕಕ್ಕೆ ಬೀಳುವಾಗ ಬೀಜ ಬೆಚ್ಚಗಿರಬೇಕು. ತಣ್ಣನೆಯ ಬೀಜ ಬಿದ್ದರೆ ಪಾಕ ತಟ್ಟನೆ ಗಟ್ಟಿಯಾಗಿ, ಕಲಸುವ ಮೊದಲೇ ಗಂಟು ಕಟ್ಟುತ್ತದೆ.

4. ಬೆಲ್ಲ ಆರಿಸಿ

ಮಂಡ್ಯ ಕಡೆಯ ಅಚ್ಚು ಬೆಲ್ಲವೋ ಉಂಡೆ ಬೆಲ್ಲವೋ ಯಾವುದಾದರೂ ಆಗುತ್ತದೆ, ಒಡೆದರೆ ಚೂರಾಗುವಷ್ಟು ಗಟ್ಟಿಯಾಗಿ, ಹೊನ್ನಿನ ಕಂದು ಬಣ್ಣದಲ್ಲಿದ್ದರೆ ಸಾಕು. ಉಗುರು ಒತ್ತಿದರೆ ಒಳಗಿಳಿಯುವಷ್ಟು ಮೆತ್ತಗಿದ್ದರೆ ಅದು ಬೇಡ. ಕಪ್ಪಗಾಗಿ ಬೆವರಿದ ಹಳೆಯ ಬೆಲ್ಲವೂ ಬೇಡ. ಅದು ಬೇಗ ಸೀಯುತ್ತದೆ, ಆರಿದ ಮೇಲೂ ತೇವ ಎಳೆಯುತ್ತದೆ. ಅದನ್ನು ಪಾಯಸಕ್ಕೆ ಬಳಸಿ. ದ್ರವರೂಪದ ಜೋನಿ ಬೆಲ್ಲದಲ್ಲಂತೂ ಮಿಠಾಯಿ ಗಟ್ಟಿಯಾಗುವುದೇ ಇಲ್ಲ. ತೀರಾ ಬಿಳಿಚಿಕೊಂಡ ತಿಳಿ ಹಳದಿ ಬೆಲ್ಲಕ್ಕೆ ಬಣ್ಣ ತೆಗೆಯುವ ರಾಸಾಯನಿಕ ಹಾಕಿರುವ ಸಾಧ್ಯತೆ ಹೆಚ್ಚು. ಅದರಿಂದ ದೂರವಿರಿ.

ಕೊಡಗಿನ ಕಡೆ ನೋಡಸಿಗುವ ಒಂದು ತಪ್ಪಿದೆ: ರುಚಿಗೆಂದು ಪಾಕಕ್ಕೆ ಒಂದು ಚಮಚ ಜೇನು ಸೇರಿಸುವುದು. ಮನೆಯಲ್ಲಿ ಒಳ್ಳೆಯ ಜೇನಿದ್ದರೆ ಆಸೆಯಾಗುವುದು ಸಹಜ. ಆದರೆ ಜೇನಿನಲ್ಲಿರುವ ಫ್ರಕ್ಟೋಸ್ ಉಳಿದೆಲ್ಲ ಸಕ್ಕರೆಗಿಂತ ಹೆಚ್ಚು ತೇವ ಎಳೆಯುತ್ತದೆ. ಒಂದು ಚಮಚ ಜೇನು ಸಾಕು, ಗರಿಗರಿಯಾಗಬೇಕಿದ್ದ ಮಿಠಾಯಿ ಒಂದು ದಿನದಲ್ಲಿ ಅಂಟಾಗಲು. ಹುಳಿಯೂ ಹಾಗೆಯೇ. ಬೆಲ್ಲದ ಪಾಕಕ್ಕೆ ನಿಂಬೆರಸ, ಕಾಚಂಪುಳಿ ಯಾವುದೂ ಬೇಡ. ಬೆಲ್ಲದಲ್ಲೇ ಒಂದಿಷ್ಟು ಹುಳಿ ಇರುತ್ತದೆ, ಮತ್ತಷ್ಟು ಸೇರಿದರೆ ಅದರ ಸಕ್ಕರೆ ಒಡೆದು ತೇವ ಹಿಡಿಯುವ ಗುಣ ಹೆಚ್ಚುತ್ತದೆ.

5. ಹರಡುವ ಜಾಗವನ್ನು ಮೊದಲೇ ಸಿದ್ಧ ಮಾಡಿ

ಒಲೆ ಹಚ್ಚುವ ಮುನ್ನ ಕಟ್ಟೆ ಒರೆಸಿ ಒಣಗಿಸಿ, ತೆಳ್ಳಗೆ ತುಪ್ಪ ಸವರಿ. ಲಟ್ಟಣಿಗೆ, ಚಾಕು, ಬೆಣ್ಣೆ ಕಾಗದದ ಒಂದು ಬದಿ, ಎಲ್ಲಕ್ಕೂ ತುಪ್ಪ ಸವರಿ ಕೈಗೆಟುಕುವಲ್ಲಿ ಇಡಿ. ತುಪ್ಪ ತೊಟ್ಟಿಕ್ಕುವಷ್ಟು ಬೇಡ, ಜಾಸ್ತಿಯಾದರೆ ಮಿಠಾಯಿಯ ತಳ ಜಿಡ್ಡಾಗಿ ಬೇಗ ಕಮಟುತ್ತದೆ.

ಡಿಸೆಂಬರ್‌ನಲ್ಲಿ ಗ್ರಾನೈಟ್ ಕಟ್ಟೆ ಮುಟ್ಟಿದರೆ ಕೈ ಮರಗಟ್ಟುವಷ್ಟು ತಣ್ಣಗಿರುತ್ತದೆ. ಅದರ ಮೇಲೆ ಪಾಕ ಸುರಿದರೆ ತಳ ಅರ್ಧ ನಿಮಿಷದಲ್ಲೇ ಗಟ್ಟಿಯಾಗುತ್ತದೆ, ಮೇಲ್ಭಾಗ ಇನ್ನೂ ಮೆತ್ತಗಿರುತ್ತದೆ, ಲಟ್ಟಿಸಿದರೆ ಬಿರುಕು ಬಿಡುತ್ತದೆ. ಕಟ್ಟೆಯ ಮೇಲೆ ಬಿಸಿನೀರು ಹರಡಿ, ಎರಡು ನಿಮಿಷ ಬಿಟ್ಟು, ಹನಿಯೂ ಉಳಿಯದಂತೆ ಒರೆಸಿ ಆಮೇಲೆ ತುಪ್ಪ ಸವರಿ. ಸ್ಟೀಲ್ ತಟ್ಟೆಯಾದರೆ ಒಲೆಯ ಮೇಲೆ ಕೆಲವು ಸೆಕೆಂಡು ಹಿಡಿದರೆ ಆಯಿತು.

6. ಪಾಕ: ಇಲ್ಲಿಯೇ ಎಲ್ಲ ನಿರ್ಧಾರವಾಗುವುದು

ಬೆಲ್ಲ, ನೀರು, ಉಪ್ಪು ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ. ಕುದಿಸುವುದು ಬೇಡ, ಕರಗಿದರೆ ಸಾಕು. ಜಾಲರಿಯಲ್ಲಿ ಸೋಸಿ ಮರಳು, ಕಬ್ಬಿನ ಸಿಪ್ಪೆ ತೆಗೆಯಿರಿ. ಬಾಣಲೆ ತೊಳೆದು, ಒರೆಸಿ, ಸೋಸಿದ ಬೆಲ್ಲವನ್ನು ಮತ್ತೆ ಒಲೆಗಿಡಿ. ಒಂದು ಟೀ ಚಮಚ ತುಪ್ಪವನ್ನು ಈಗಲೇ ಹಾಕಿದರೆ ಪಾಕ ಉಕ್ಕುವುದು ಕಡಿಮೆ.

ಉರಿ ಮಧ್ಯಮಕ್ಕಿಂತ ಸ್ವಲ್ಪ ಕೆಳಗಿರಲಿ. ಮೊದಲು ದೊಡ್ಡ ದೊಡ್ಡ ಗುಳ್ಳೆಗಳು ನೊರೆಯಾಗಿ ಏಳುತ್ತವೆ. ನೀರು ಹೋಗುತ್ತಾ ಬಂದಂತೆ ಗುಳ್ಳೆಗಳು ಸಣ್ಣವಾಗಿ, ದಟ್ಟವಾಗಿ, ನಿಧಾನವಾಗಿ ಒಡೆಯುತ್ತವೆ. ಬಣ್ಣ ಒಂದು ಛಾಯೆ ಗಾಢವಾಗುತ್ತದೆ, ಮೇಲೆ ಹೊಳಪು ಬರುತ್ತದೆ. ಹಸಿ ಬೆಲ್ಲದ ವಾಸನೆ ಹೋಗಿ ಸುಟ್ಟ ಸಕ್ಕರೆಗೆ ಹತ್ತಿರವಾದ ಘಮ ಏಳುತ್ತದೆ. ಸೋಸಿದ ಮೇಲೆ ಇಲ್ಲಿಯವರೆಗೆ 5ರಿಂದ 8 ನಿಮಿಷ ಹಿಡಿಯಬಹುದು. ಆದರೆ ಗಡಿಯಾರ ನೋಡಿ ಇಳಿಸಬೇಡಿ, ಬೆಲ್ಲದಲ್ಲಿ ಎಷ್ಟು ನೀರಿತ್ತು ಎಂಬುದರ ಮೇಲೆ ಸಮಯ ಬದಲಾಗುತ್ತದೆ.

ನಾಲ್ಕನೇ ನಿಮಿಷದಿಂದ ಬಟ್ಟಲ ನೀರಿನಲ್ಲಿ ಪರೀಕ್ಷೆ ಶುರು ಮಾಡಿ. ಪ್ರತಿ ಅರ್ಧ ನಿಮಿಷಕ್ಕೆ ಒಂದು ಹನಿ ಬಿಡಿ. ಹನಿ ಪರೀಕ್ಷಿಸುವಾಗ ಉರಿಯನ್ನು ಪೂರ್ತಿ ತಗ್ಗಿಸಿ, ಇಲ್ಲದಿದ್ದರೆ ನೀವು ನೋಡುತ್ತಿರುವಾಗಲೇ ಹದ ಮೀರುತ್ತದೆ. ಹನಿ ಹೀಗೆ ಬದಲಾಗುತ್ತಾ ಹೋಗುತ್ತದೆ:

ನೀರಿನಲ್ಲಿ ಎಳೆಯಾಗಿ ಹರಡಿದರೆ ಎಳೆ ಪಾಕ. ಇನ್ನೂ ಬಹಳ ದೂರ ಇದೆ.

ಬೆರಳಲ್ಲಿ ಒಟ್ಟುಮಾಡಿದಾಗ ಮೆತ್ತನೆಯ ಉಂಡೆಯಾದರೆ ಉಂಡೆ ಪಾಕ. ಪುರಿ ಉಂಡೆ, ತಂಬಿಟ್ಟಿಗೆ ಇದು ಸಾಕು, ಮಿಠಾಯಿಗೆ ಸಾಲದು.

ಉಂಡೆ ಗಟ್ಟಿಯಾಗಿ, ತಟ್ಟೆಗೆ ಎಸೆದರೆ ಟಣ್ ಎನ್ನುತ್ತದೆ. ಹೆಚ್ಚಿನವರು ಎಡವುವುದು ಇಲ್ಲಿ. ಆ ಸದ್ದು ಕೇಳಿದ ಕೂಡಲೇ ಆಯಿತೆಂದು ಬೀಜ ಹಾಕುತ್ತಾರೆ. ಸಕ್ಕರೆ ಪಾಕದ ಲೆಕ್ಕದಲ್ಲಿ ಈ ಹಂತದಲ್ಲಿ ನೂರಕ್ಕೆ 8ರಷ್ಟು ನೀರು ಇನ್ನೂ ಉಳಿದಿರುತ್ತದೆ. ಇಲ್ಲಿ ಇಳಿಸಿದರೆ ಮಿಠಾಯಿ ಗಟ್ಟಿಯಾಗುತ್ತದೆ, ಆದರೆ ಹಲ್ಲಿಗೆ ಅಂಟುತ್ತದೆ.

ಹನಿಯನ್ನು ಎರಡು ಕೈಯಲ್ಲಿ ಹಿಡಿದು ಬಗ್ಗಿಸಿದಾಗ ಬಾಗಿ, ಆಮೇಲೆ ಮುರಿದರೆ ಇನ್ನೂ ಒಂದು ನಿಮಿಷದ ಕೆಲಸವಿದೆ.

ಸ್ವಲ್ಪವೂ ಬಾಗದೆ ಗಾಜಿನಂತೆ ಟಕ್ಕೆಂದು ಮುರಿದು, ಮುರಿದ ಅಂಚು ಚೂಪಾಗಿದ್ದು, ಬಾಯಿಗೆ ಹಾಕಿ ಕಚ್ಚಿದರೆ ಹಲ್ಲಿಗೆ ಅಂಟದೆ ಪುಡಿಯಾದರೆ ಅದು ಮುರಿಯುವ ಪಾಕ. ಈಗ ಉಳಿದಿರುವ ನೀರು ನೂರಕ್ಕೆ ಒಂದು ಪಾಲಿನ ಆಸುಪಾಸು. ನಮಗೆ ಬೇಕಾದದ್ದು ಇದೇ.

ಚಳಿಗಾಲದಲ್ಲಿ ಈ ಪರೀಕ್ಷೆಯೇ ಮೋಸ ಮಾಡುತ್ತದೆ. ಡಿಸೆಂಬರ್‌ನ ನಲ್ಲಿ ನೀರು ಮಂಜಿನಷ್ಟು ತಣ್ಣಗಿದ್ದಾಗ ಅರೆ ಹದದ ಪಾಕವೂ ಅದರಲ್ಲಿ ಟಕ್ಕೆಂದು ಮುರಿಯುತ್ತದೆ. ನೀರಿಗೆ ಒಂದು ಸೌಟು ಬಿಸಿನೀರು ಸೇರಿಸಿ, ತೀರಾ ತಣ್ಣನೆಯದಲ್ಲದಂತೆ ಮಾಡಿಕೊಳ್ಳಿ. ಹನಿಯನ್ನು ತೆಗೆದ ಮೇಲೆ ಹತ್ತು ಸೆಕೆಂಡು ಬೆರಳ ನಡುವೆ ಹಿಡಿದು, ಆಮೇಲೆ ಮುರಿಯಿರಿ. ಬೆರಳ ಕಾವಿಗೂ ಬಾಗದಿದ್ದರೆ ಮಾತ್ರ ಹದ ನಿಜ.

ಥರ್ಮಾಮೀಟರ್ ಬಳಸುವವರಿಗೆ: ಎತ್ತರದ ಜಾಗದಲ್ಲಿ ನೀರು ಕಡಿಮೆ ಶಾಖಕ್ಕೇ ಕುದಿಯುತ್ತದೆ, ಪ್ರತಿ 300 ಮೀಟರಿಗೆ ಸುಮಾರು ಒಂದು ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲಿರುವ ಮಡಿಕೇರಿಯಲ್ಲಿ ನೀರು ಕುದಿಯುವುದು 96 ಡಿಗ್ರಿಯ ಆಸುಪಾಸಿನಲ್ಲಿ. ಪಾಕಕ್ಕೂ ಇದೇ ಲೆಕ್ಕ. ಪುಸ್ತಕಗಳಲ್ಲಿ ಮುರಿಯುವ ಪಾಕಕ್ಕೆ 146ರಿಂದ 154 ಡಿಗ್ರಿ ಎಂದಿರುತ್ತದೆ. ಬೆಲ್ಲ 150 ದಾಟಿದರೆ ಕಹಿಯಾಗಲು ಶುರುವಾಗುವುದರಿಂದ ಅದರ ಕೆಳಭಾಗವನ್ನೇ ಹಿಡಿಯಿರಿ. ಮೊದಲು ನಿಮ್ಮ ಮನೆಯಲ್ಲಿ ನೀರು ಕುದಿಸಿ ಥರ್ಮಾಮೀಟರ್ ಎಷ್ಟು ತೋರಿಸುತ್ತದೆ ನೋಡಿ, 100ಕ್ಕೆ ಎಷ್ಟು ಕಡಿಮೆಯೋ ಅಷ್ಟನ್ನು ಕಳೆಯಿರಿ. ಮಡಿಕೇರಿಯಲ್ಲಾದರೆ 142ರಿಂದ 145ರೊಳಗೆ ಇಳಿಸಬೇಕು. ಕುಶಾಲನಗರ, ಗೋಣಿಕೊಪ್ಪದಂಥ ತಗ್ಗಿನ ಕಡೆ ಅದಕ್ಕಿಂತ ಒಂದು ಡಿಗ್ರಿ ಹೆಚ್ಚು. ಪಾಕ ಕಡಿಮೆಯಿದ್ದಾಗ ಕಡ್ಡಿಯ ತುದಿ ಬಾಣಲೆಯ ತಳಕ್ಕೆ ತಾಗಿ ತಪ್ಪು ಅಂಕಿ ಬರುತ್ತದೆ. ಬಾಣಲೆಯನ್ನು ಓರೆ ಮಾಡಿ ಪಾಕ ಒಂದೆಡೆ ಸೇರಿದಾಗ ಅಳೆಯಿರಿ. ಅಂಕಿ ಏನೇ ಹೇಳಲಿ, ಕೊನೆಯ ಮಾತು ನೀರಿನ ಹನಿಯದ್ದೇ.

ಅಪಾಯದ ಸೂಚನೆಗಳು: ಅಂಚಿನಿಂದ ತೆಳ್ಳಗೆ ಹೊಗೆ ಎದ್ದರೆ, ಬಣ್ಣ ಕಾಫಿ ಡಿಕಾಕ್ಷನ್‌ನತ್ತ ತಿರುಗಿದರೆ, ಮೂಗಿಗೆ ಚುರುಗುಟ್ಟುವ ವಾಸನೆ ಬಂದರೆ ಸೀಯುತ್ತಿದೆ. ಕೂಡಲೇ ಇಳಿಸಿ ಒಂದು ಹನಿ ಆರಿಸಿ ರುಚಿ ನೋಡಿ. ಕಹಿಯಿದ್ದರೆ ಬೀಜ ಹಾಕಬೇಡಿ. ಬೆಲ್ಲ ಹೋಯಿತು, ಬೀಜವಾದರೂ ಉಳಿಯಲಿ.

ಸುಟ್ಟ ಗಾಯದ ಬಗ್ಗೆಯೂ ಇಲ್ಲೇ ಹೇಳಬೇಕು. ಈ ಪಾಕ ಕುದಿಯುವ ನೀರಿಗಿಂತ ಎಷ್ಟೋ ಬಿಸಿ, ಮೇಲಾಗಿ ಚರ್ಮಕ್ಕೆ ಅಂಟಿ ಕೂರುತ್ತದೆ. ಮಕ್ಕಳನ್ನು ಒಲೆಯ ಹತ್ತಿರ ಬಿಡಬೇಡಿ, ಸೌಟಿನಿಂದ ನೇರವಾಗಿ ರುಚಿ ನೋಡಬೇಡಿ. ಕೈಗೆ ಸಿಡಿದರೆ ಕೀಳಲು ಹೋಗದೆ ತಣ್ಣೀರಿಗೆ ಅದ್ದಿ, ಆಮೇಲೆ ನಲ್ಲಿಯ ಹರಿಯುವ ನೀರಿನಲ್ಲಿ 20 ನಿಮಿಷ ಹಿಡಿಯಿರಿ. ಬೊಬ್ಬೆ ದೊಡ್ಡದಾದರೆ ವೈದ್ಯರಿಗೆ ತೋರಿಸಿ.

7. ಸೋಡಾ, ಬೀಜ, ಲಟ್ಟಣಿಗೆ: ಎರಡೇ ನಿಮಿಷ

ಹದ ಬಂದ ಕ್ಷಣ ಒಲೆ ಆರಿಸಿ. ಸೋಡಾ ಉದುರಿಸಿ ಎರಡು ಸುತ್ತು ಜೋರಾಗಿ ಕಲಸಿ. ಪಾಕ ನೊರೆಯಾಗಿ ಉಬ್ಬಿ ಬಣ್ಣ ತಿಳಿಯಾಗುತ್ತದೆ. ಬೆಲ್ಲದ ಹುಳಿಗೂ ಶಾಖಕ್ಕೂ ಸೋಡಾ ಒಡೆದು ಸಣ್ಣ ಸಣ್ಣ ಗಾಳಿಗುಳ್ಳೆಗಳಾಗುವುದರಿಂದ ಮಿಠಾಯಿ ಕಚ್ಚಲು ಹಗುರವಾಗುತ್ತದೆ. ಚಿಟಿಕೆಗಿಂತ ಹೆಚ್ಚಾದರೆ ಸಾಬೂನಿನ ರುಚಿ ಬರುತ್ತದೆ. ಸೋಡಾದಲ್ಲಿ ಗಂಟಿದ್ದರೆ ಮೊದಲೇ ಪುಡಿ ಮಾಡಿಟ್ಟುಕೊಳ್ಳಿ.

ನೊರೆ ಎದ್ದ ಕೂಡಲೇ ಬೆಚ್ಚಗಿನ ಬೀಜ, ಏಲಕ್ಕಿ ಪುಡಿ ಹಾಕಿ, ತಳದಿಂದ ಮೇಲಕ್ಕೆ 20 ಸೆಕೆಂಡು ಕಲಸಿ. ಏಲಕ್ಕಿಯನ್ನು ಒಲೆಯ ಮೇಲಿದ್ದಾಗ ಹಾಕಿದರೆ ಅದರ ಘಮವೆಲ್ಲ ಹಬೆಯಾಗಿ ಹೋಗುತ್ತದೆ. ಖಾರ ಇಷ್ಟಪಡುವವರು ತರಿತರಿಯಾಗಿ ಕುಟ್ಟಿದ ಕರಿಮೆಣಸು ಕಾಲು ಟೀ ಚಮಚ ಹಾಕಬಹುದು, ಬೆಲ್ಲಕ್ಕೆ ಅದು ಚೆನ್ನಾಗಿ ಹೊಂದುತ್ತದೆ. ಒಣ ಕೊಬ್ಬರಿ ತುರಿ ಹುರಿದು ಹಾಕಿದರೂ ಸರಿ, ಹಸಿ ತೆಂಗಿನಕಾಯಿ ಮಾತ್ರ ಬೇಡವೇ ಬೇಡ.

ಕಟ್ಟೆಯ ಮೇಲೆ ಒಂದೇ ರಾಶಿಯಾಗಿ ಸುರಿದು, ಬೆಣ್ಣೆ ಕಾಗದದ ತುಪ್ಪದ ಬದಿ ಕೆಳಗೆ ಬರುವಂತೆ ಮುಚ್ಚಿ, ನಡುವಿನಿಂದ ಹೊರಕ್ಕೆ ಲಟ್ಟಿಸಿ. 6ರಿಂದ 8 ಮಿಲಿಮೀಟರ್ ದಪ್ಪಕ್ಕೆ ಬರಲಿ. ದಪ್ಪ ಬಿಟ್ಟರೆ ಹಲ್ಲಿಗೆ ಕಷ್ಟ. ಕಾಗದ ತೆಗೆದು, ಬಿಸಿಯಿರುವಾಗಲೇ ಚಾಕುವಿನಿಂದ ತಳ ತಾಗುವವರೆಗೆ ಗೆರೆ ಹಾಕಿ. ಚಾಕುವನ್ನು ಎಳೆಯಬೇಡಿ, ಒತ್ತಿ. ಎಳೆದರೆ ಬೀಜಗಳು ಕಿತ್ತು ಬರುತ್ತವೆ. ಗೆರೆ ಹಾಕುವ ಮೊದಲೇ ಗಟ್ಟಿಯಾಗಿಬಿಟ್ಟರೆ ಚಿಂತೆ ಬೇಡ, ಆರಿದ ಮೇಲೆ ಕೈಯಿಂದ ಅಡ್ಡಾದಿಡ್ಡಿ ಮುರಿಯಿರಿ. ರುಚಿಗೇನೂ ಕಡಿಮೆಯಿಲ್ಲ.

ಬಾಣಲೆಗೆ ಅಂಟಿದ್ದನ್ನು ಕೆರೆಯಬೇಡಿ. ನೀರು ಹಾಕಿ ಕುದಿಸಿದರೆ ತಾನಾಗಿ ಬಿಡುತ್ತದೆ.

8. ಆರಿಸಿ, ತಡಮಾಡದೆ ಡಬ್ಬಿಗೆ ಹಾಕಿ

ಬಿಸಿಯಾಗಿ ಮುಚ್ಚಿದರೆ ಒಳಗೆ ಹಬೆ ಕಟ್ಟಿ ಮುಚ್ಚಳದಿಂದ ಹನಿ ಬೀಳುತ್ತದೆ. ತಡವಾಗಿ ಮುಚ್ಚಿದರೆ ಹೊರಗಿನ ಥಂಡಿ ಹಿಡಿಯುತ್ತದೆ. ಸುಮಾರು 20–30 ನಿಮಿಷಕ್ಕೆ ತುಂಡನ್ನು ಕೆನ್ನೆಗೆ ತಾಗಿಸಿ ನೋಡಿ, ಬಿಸುಪು ತಿಳಿಯದಿದ್ದರೆ ಆಗಲೇ ತುಂಬಿಸಿ. ಸಂಜೆಯವರೆಗೆ ತಟ್ಟೆಯಲ್ಲಿ ತೆರೆದಿಡುವುದರಿಂದಲೇ ಎಷ್ಟೋ ಒಳ್ಳೆಯ ಮಿಠಾಯಿ ಹಾಳಾಗುವುದು.

ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಅಥವಾ ಗಾಜಿನ ಭರಣಿ ಪೂರ್ತಿ ಒಣಗಿರಬೇಕು. ಪ್ರತಿ ಪದರದ ನಡುವೆ ಬೆಣ್ಣೆ ಕಾಗದ ಇಡಿ. ಎರಡು ಚಮಚ ಅಕ್ಕಿಯನ್ನು ಚೆನ್ನಾಗಿ ಹುರಿದು, ಆರಿಸಿ, ತೆಳು ಬಟ್ಟೆಯಲ್ಲಿ ಕಟ್ಟಿ ಡಬ್ಬಿಯ ತಳದಲ್ಲಿಟ್ಟರೆ ಒಳಗಿನ ಅಲ್ಪಸ್ವಲ್ಪ ತೇವವನ್ನು ಅದು ಹಿಡಿಯುತ್ತದೆ. ವಾರಕ್ಕೊಮ್ಮೆ ಅದನ್ನು ಮತ್ತೆ ಹುರಿದು ಇಡಿ.

ಒಂದೇ ದೊಡ್ಡ ಡಬ್ಬಿಗಿಂತ ನಾಲ್ಕು ಸಣ್ಣ ಡಬ್ಬಿ ಒಳ್ಳೆಯದು. ನೆಂಟರು ಬಂದಾಗಲೆಲ್ಲ ತೆರೆಯುವ ಡಬ್ಬಿ ಒಂದೇ ಇರಲಿ, ಉಳಿದವು ಮುಚ್ಚಿಯೇ ಇರಲಿ. ಫ್ರಿಜ್‌ನಲ್ಲಿ ಇಡಬೇಡಿ, ಹೊರತೆಗೆದ ಕೂಡಲೇ ತುಂಡುಗಳ ಮೇಲೆ ನೀರು ಕಟ್ಟುತ್ತದೆ. ಒಣ ಹವೆಯಲ್ಲಿ ಹೀಗಿಟ್ಟದ್ದು ಎರಡು ಮೂರು ವಾರ ಗರಿಗರಿಯಾಗಿರುತ್ತದೆ. ಮಳೆಗಾಲದಲ್ಲಿ ತೆರೆದ ಡಬ್ಬಿಯನ್ನು ಮೂರು ನಾಲ್ಕು ದಿನದೊಳಗೆ ಮುಗಿಸುವುದೇ ಸರಿ.

ಸಕ್ಕರೆಯಲ್ಲಿ ಮಾಡುವುದಾದರೆ

ಕ್ರಿಸ್‌ಮಸ್ ಹೊತ್ತಿಗೆ ಗಾಜಿನಂತೆ ಹೊಳೆಯುವ, ಬೆಣ್ಣೆ ಘಮದ ಮಿಠಾಯಿ ಬೇಕೆನ್ನುವವರು 200 ಗ್ರಾಂ ಸಕ್ಕರೆ, 60 ಮಿಲಿ ನೀರು, ನಾಲ್ಕು ಹನಿ ನಿಂಬೆರಸ ತೆಗೆದುಕೊಳ್ಳಿ. ಇಲ್ಲಿ ನಿಂಬೆ ಬೇಕು, ಏಕೆಂದರೆ ಬಿಳಿ ಸಕ್ಕರೆ ಮತ್ತೆ ಹರಳುಗಟ್ಟುತ್ತದೆ. ಆದರೆ ನಾಲ್ಕು ಹನಿ ದಾಟಬೇಡಿ. ಸಕ್ಕರೆ ಕರಗುವವರೆಗೆ ಮಾತ್ರ ಕಲಸಿ. ಕುದಿ ಬಂದ ಮೇಲೆ ಸೌಟು ಹಾಕಿದರೆ ಪಾಕ ಮರಳು ಮರಳಾಗುತ್ತದೆ. ಬಾಣಲೆಯ ಅಂಚಿನಲ್ಲಿ ಹರಳು ಕಂಡರೆ ಒದ್ದೆ ಬ್ರಷ್‌ನಿಂದ ಒಳಕ್ಕೆ ತೊಳೆದುಬಿಡಿ. ಜೇನಿನ ಬಣ್ಣ ಬಂದಾಗ 15 ಗ್ರಾಂ ಬೆಣ್ಣೆ ಸೇರಿಸಿ, ಹನಿ ಪರೀಕ್ಷೆ ಮಾಡಿ, ಒಲೆ ಆರಿಸಿ ಸೋಡಾ, ಬೀಜ ಹಾಕಿ. ಉಳಿದದ್ದೆಲ್ಲ ಮೇಲೆ ಹೇಳಿದಂತೆಯೇ.

ಕೈಕೊಟ್ಟರೆ ಏನು ಮಾಡುವುದು

ಹರಡಿದ ಮೇಲೂ ಗಟ್ಟಿಯಾಗಲಿಲ್ಲ, ಬಗ್ಗುತ್ತಿದೆ: ಪಾಕ ಎಳೆಯದಾಗಿದೆ. ಅದೇ ದಿನವಾದರೆ ಉಳಿಸಬಹುದು. ಸಣ್ಣ ಚೂರು ಮಾಡಿ, ದಪ್ಪ ಬಾಣಲೆಯಲ್ಲಿ ತೀರಾ ಸಣ್ಣ ಉರಿಯಲ್ಲಿ ಕರಗಿಸಿ, ನೀರು ಸೇರಿಸದೆ, ಕೈ ಬಿಡದೆ 2–3 ನಿಮಿಷ ಮೊಗಚಿ. ಒಂದು ಚೂರನ್ನು ಆರಿಸಿ ಮುರಿದು ನೋಡಿ ಮತ್ತೆ ಹರಡಿ. ಬೀಜ ಒಂದಿಷ್ಟು ಕಂದಾಗುತ್ತದೆ, ಅಷ್ಟೇ.

ಗಟ್ಟಿಯಾಗಿದೆ, ಆದರೆ ಹಲ್ಲಿಗೆ ಅಂಟುತ್ತದೆ: ಟಣ್ ಸದ್ದಿಗೆ ಇಳಿಸಿದ್ದೀರಿ. ಮುಂದಿನ ಸರದಿಯಲ್ಲಿ ಟಕ್ಕೆಂದು ಮುರಿಯುವವರೆಗೆ ಕಾಯಿರಿ.

ಮೊದಲ ದಿನ ಗರಿಗರಿ, ಮರುದಿನ ಮೇಲ್ಭಾಗ ಮಾತ್ರ ಅಂಟು: ಪಾಕ ಸರಿಯಿತ್ತು, ಗಾಳಿ ತಾಗಿದೆ. ಮುಚ್ಚಳದ ಬಿಗಿ ನೋಡಿ. ಈ ತುಂಡುಗಳನ್ನು ಕುಟ್ಟಿ ಪುಡಿ ಮಾಡಿ ಪಾಯಸದ ಮೇಲೋ ಐಸ್‌ಕ್ರೀಂ ಮೇಲೋ ಉದುರಿಸಿ.

ಪಾಕ ಗರಿಗರಿ, ಬೀಜ ಮೆತ್ತಗೆ: ಹುರಿದದ್ದು ಸಾಲದು, ಅಥವಾ ಹುರಿದಿಟ್ಟ ಬೀಜವನ್ನು ಮತ್ತೆ ಬಿಸಿ ಮಾಡಿಲ್ಲ.

ಲಟ್ಟಿಸುವಾಗಲೇ ಉದುರಿ ಪುಡಿಯಾಗುತ್ತದೆ: ಬೀಜ ಹೆಚ್ಚಾಗಿದೆ, ಪುಡಿ ಜರಡಿ ಹಿಡಿದಿಲ್ಲ, ಅಥವಾ ಕಟ್ಟೆ ತಣ್ಣಗಿತ್ತು. ರಾಶಿಯನ್ನು ಬಾಣಲೆಗೆ ಹಾಕಿ ಅರ್ಧ ನಿಮಿಷ ಬಿಸಿ ಮಾಡಿದರೆ ಮತ್ತೆ ಹಿಡಿದುಕೊಳ್ಳುತ್ತದೆ.

ಕಟ್ಟೆಯಿಂದ ಏಳುವುದೇ ಇಲ್ಲ: ತುಪ್ಪ ಸವರದ ಜಾಗವಿದೆ. ಚೂಪು ಚಾಕುವಿಗಿಂತ ಅಗಲವಾದ ಮೊಗಚುವ ಕೈಯನ್ನು ತುಸು ಬಿಸಿ ಮಾಡಿ, ಅಂಚಿನಿಂದ ಅಡಿಗೆ ತಳ್ಳಿ.

ಕಹಿ: ಬೀಜ ಸೀದಿದೆ ಅಥವಾ ಪಾಕ ಸೀದಿದೆ. ಇದಕ್ಕೆ ಪರಿಹಾರವಿಲ್ಲ.

ನೆಂಟರಿಷ್ಟರಿಗೆ ಕೊಡುವಾಗ ಡಬ್ಬಿಯ ಮೇಲೆ ಕಡ್ಲೆಬೀಜ ಇದೆ ಎಂದೂ ಮಾಡಿದ ದಿನಾಂಕವನ್ನೂ ಬರೆದು ಅಂಟಿಸಿ. ಕಡ್ಲೆಬೀಜದ ಅಲರ್ಜಿ ಇದ್ದವರಿಗೆ ಒಂದು ಚೂರೂ ಪ್ರಾಣಾಪಾಯ ತರಬಹುದು. ಐದು ವರ್ಷದೊಳಗಿನ ಮಕ್ಕಳಿಗೆ ಗಟ್ಟಿ ತುಂಡು ಗಂಟಲಲ್ಲಿ ಸಿಕ್ಕುವ ಭಯವಿರುವುದರಿಂದ ಕೊಡಬೇಡಿ. ಕೇಳಿದರೆ ನುಣ್ಣಗೆ ಪುಡಿ ಮಾಡಿ ಬಾಳೆಹಣ್ಣಿನ ಜೊತೆ ಕಲಸಿಕೊಡಿ.